ಎಂಜಿನ್ ಕೆಟ್ಟಿದ್ದು ಯಾರ ಕೈಯಲ್ಲಿ? ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಕಾರಿನ ವಾರಂಟಿ ಜಗಳ

ಇಂಥ ಸುದ್ದಿಗಳೆಲ್ಲ ಹೆಚ್ಚೂಕಮ್ಮಿ ಒಂದೇ ಥರ ಇರುತ್ತವೆ. ಯಾರೋ ಒಬ್ಬರು ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಕಾರು ಕೊಳ್ಳುತ್ತಾರೆ. ಮೂರು ವಾರ ಕಾರು ಜಮ್ಮೆಂದು ಓಡುತ್ತದೆ. ನಾಲ್ಕನೇ ವಾರ ಎಂಜಿನ್ನಿನ ಕೆಳಗಿನಿಂದ ಟಕ್ ಟಕ್ ಸದ್ದು ಶುರು. ಇನ್ನೆರಡು ದಿನಕ್ಕೆ ಎಂಜಿನ್ ಸೀಜ್, ಅಂದರೆ ಒಳಗೇ ಸಿಕ್ಕಿಕೊಂಡು ತಿರುಗದೆ ನಿಂತುಬಿಡುತ್ತದೆ. ಮಾರಿದವರು 'ಕೊಡುವಾಗ ಸರಿಯಾಗಿತ್ತಲ್ಲ' ಅನ್ನುತ್ತಾರೆ. ವಾರಂಟಿ ಕಂಪನಿ 'ಇದು ಮೊದಲೇ ಇದ್ದ ತೊಂದರೆ' ಅನ್ನುತ್ತದೆ. ಕಾರು ತಯಾರಿಸಿದವರು 'ಕಾರನ್ನು ಟ್ರ್ಯಾಕ್‌ನಲ್ಲಿ ಓಡಿಸಿದ ಗುರುತಿದೆ' ಅನ್ನುತ್ತಾರೆ. ಎತ್ತು ಏರಿಗೆ, ಕೋಣ ನೀರಿಗೆ. ಓದುವವರಿಗೆ ಗೊಂದಲ. ವಾರಂಟಿ ಇದೆ ಎಂದು ಕಾಗದದಲ್ಲೇ ಬರೆದಿದೆ, ಕೆಟ್ಟಿರುವುದು ಎಂಜಿನ್ನೇ, ಮತ್ತೆ ಜಗಳ ಯಾಕೆ?

ಎಂಜಿನ್ ಕೆಟ್ಟಿದೆ ಅನ್ನುವುದರಲ್ಲಿ ಯಾರಿಗೂ ತಕರಾರಿಲ್ಲ. ಅದು ಕೆಡಲು ಶುರುವಾಗಿದ್ದು ಯಾವಾಗ, ಯಾಕೆ ಅನ್ನುವುದೇ ತಕರಾರು. ಈ ಎರಡು ಪ್ರಶ್ನೆಗೆ ಸಿಗುವ ಉತ್ತರದ ಮೇಲೆ ಬಿಲ್ಲು ಯಾರ ತಲೆಗೆ ಬರುತ್ತದೆ ಅನ್ನುವುದು ನಿಂತಿದೆ.

ಒಂದೇ ಹೆಸರು, ನಾಲ್ಕು ಕರಾರು

'ವಾರಂಟಿ ಇದೆ' ಎಂಬ ಮಾತಿಗೆ ಕಡಿಮೆಯೆಂದರೂ ನಾಲ್ಕು ಅರ್ಥಗಳಿವೆ. ಮೊದಲನೆಯದು, ತಯಾರಕರ ಮೂಲ ವಾರಂಟಿಯಲ್ಲಿ ಉಳಿದಿರುವ ಭಾಗ. ಕಾರು ಕೈ ಬದಲಿಸಿದರೂ ಇದು ಸಾಮಾನ್ಯವಾಗಿ ಕಾರಿನ ಜೊತೆಗೇ ಸಾಗುತ್ತದೆ. ಆದರೆ ದಿನ ಎಣಿಸುವುದು ಕಾರು ಮೊದಲ ಸಲ ರಸ್ತೆಗಿಳಿದ ದಿನದಿಂದ, ನೀವು ಕೊಂಡ ದಿನದಿಂದಲ್ಲ. ಎರಡನೆಯದು 'ಸರ್ಟಿಫೈಡ್' ಕಾರಿನ ವಾರಂಟಿ. ಅಧಿಕೃತ ಡೀಲರ್ ಕಾರನ್ನು ಪರೀಕ್ಷಿಸಿ, ತಯಾರಕರ ಹೆಸರಿನಲ್ಲೇ ಅವಧಿಯನ್ನು ಇನ್ನಷ್ಟು ದಿನ ಮುಂದಕ್ಕೆ ಹಾಕಿರುತ್ತಾರೆ.

ಮೂರನೆಯದೇ ಜಗಳದ ತವರು. ಮಾರಾಟಗಾರರು ಬೇರೊಂದು ಕಂಪನಿಯಿಂದ ಕೊಡಿಸುವ ವಾರಂಟಿ ಇದು. ಹೆಸರು ವಾರಂಟಿ ಅಂತಿದ್ದರೂ ನಡತೆ ವಿಮೆಯದ್ದು. ಯಾವ ಯಾವ ಭಾಗಕ್ಕೆ ಅನ್ವಯ, ಒಂದು ಕ್ಲೇಮಿಗೆ ಎಷ್ಟು ಮಿತಿ, ಲೇಬರ್ ಚಾರ್ಜ್ ಗಂಟೆಗೆ ಎಷ್ಟರವರೆಗೆ, ಸರ್ವಿಸ್ ಎಷ್ಟು ದಿನ ತಡವಾದರೆ ಹಕ್ಕು ಹೋಗುತ್ತದೆ ಎಂಬುದೆಲ್ಲ ಸಣ್ಣ ಅಕ್ಷರದಲ್ಲಿರುತ್ತದೆ. ಕರಾರು ಶುರುವಾಗುವ ಮೊದಲೇ ಇದ್ದ ತೊಂದರೆಗೆ ದುಡ್ಡಿಲ್ಲ ಎಂಬ ಸಾಲಂತೂ ಇದ್ದೇ ಇರುತ್ತದೆ.

ನಾಲ್ಕನೆಯದು ಯಾರೂ ಕೈಗೆ ಕೊಡುವ ಕಾಗದವಲ್ಲ. ಅದು ಗ್ರಾಹಕ ಕಾನೂನು ಕೊಡುವ ಹಕ್ಕು. ಇದು ಮಾರಿದವರ ಮೇಲೆ ಇರುವ ಹಕ್ಕು, ವಾರಂಟಿ ಕಂಪನಿಯ ಮೇಲಲ್ಲ. ವಾರಂಟಿ ಕಂಪನಿ ಕೈ ಎತ್ತಿದ ತಕ್ಷಣ 'ಮುಗೀತು' ಎಂದು ಎಷ್ಟೋ ಜನ ಸುಮ್ಮನಾಗುತ್ತಾರೆ. ಮಾರಾಟಗಾರರೂ 'ಅವರನ್ನೇ ಕೇಳಿ' ಎಂದು ಕೈ ತೊಳೆದುಕೊಳ್ಳುತ್ತಾರೆ. ಆದರೆ ಇವೆರಡೂ ಬೇರೆ ಬೇರೆ ದಾರಿಗಳು. ಒಂದು ಮುಚ್ಚಿದರೆ ಇನ್ನೊಂದು ತಾನಾಗಿ ಮುಚ್ಚುವುದಿಲ್ಲ.

ಇಲ್ಲಿ ಒಂದು ತಮಾಷೆಯೂ ಇದೆ. 'ತೊಂದರೆ ಮೊದಲೇ ಇತ್ತು' ಎಂದು ವಾರಂಟಿ ಕಂಪನಿ ಬರೆದುಕೊಟ್ಟರೆ, ಅದೇ ಪತ್ರ ಮಾರಿದವರ ವಿರುದ್ಧ ಸಾಕ್ಷಿಯಾಗುತ್ತದೆ. ಮಾರುವಾಗಲೇ ಎಂಜಿನ್ ಹಾಳಾಗಿತ್ತು ಎಂದಲ್ಲವೇ ಅದರ ಅರ್ಥ? ಕಂಪನಿ ಹೇಳುವುದು 'ಹಳೇ ತೊಂದರೆ', ಮಾರಿದವರು ಹೇಳುವುದು 'ಹೊಸ ತೊಂದರೆ'. ಎರಡೂ ಒಟ್ಟಿಗೆ ನಿಜವಾಗಲು ಸಾಧ್ಯವಿಲ್ಲ. ಆದರೂ ಇಬ್ಬರೂ ತಪ್ಪಿಸಿಕೊಳ್ಳಲು ಒಂದು ಪದ ಇದೆ: ಸವೆತ. ಅದನ್ನು ಅರ್ಥಮಾಡಿಕೊಳ್ಳಬೇಕಾದರೆ ಎಂಜಿನ್ನಿನ ಒಳಗೆ ಇಣುಕಬೇಕು.

ಕೂದಲಿಗಿಂತ ತೆಳುವಾದ ಆಯಿಲ್ ಪದರ

ಸಿಲಿಂಡರಿನಲ್ಲಿ ಮೇಲೆ ಕೆಳಗೆ ಓಡುವ ಪಿಸ್ಟನ್ನನ್ನೂ, ಆ ಓಟವನ್ನು ತಿರುಗುವಿಕೆಯಾಗಿ ಬದಲಾಯಿಸುವ ಕ್ರ್ಯಾಂಕ್‌ಶಾಫ್ಟನ್ನೂ ಜೋಡಿಸುವುದು ಕನೆಕ್ಟಿಂಗ್ ರಾಡ್. ಅದರ ಕೆಳತುದಿಯಲ್ಲಿ ಅರ್ಧ ಬಳೆಯಂಥ ಎರಡು ಲೋಹದ ಚಿಪ್ಪುಗಳಿರುತ್ತವೆ. ಅವೇ ರಾಡ್ ಬೇರಿಂಗ್. ಚಿಪ್ಪಿಗೂ ಶಾಫ್ಟಿಗೂ ನಡುವಿನ ಸಂದು ಮಿಲಿಮೀಟರಿನ ನೂರನೇ ಭಾಗದ ಲೆಕ್ಕದಲ್ಲಿರುತ್ತದೆ. ಆ ಸಂದಿನಲ್ಲಿ ಒತ್ತಡದಲ್ಲಿ ಹರಿಯುವ ಆಯಿಲ್ ಪದರದ ಮೇಲೆ ಶಾಫ್ಟ್ ತೇಲಬೇಕು, ಲೋಹಕ್ಕೆ ಲೋಹ ತಾಗಬಾರದು.

ಸ್ಪೋರ್ಟ್ಸ್ ಕಾರಿನಲ್ಲಿ ಈ ಪದರಕ್ಕೆ ಗಂಡಾಂತರ ಜಾಸ್ತಿ. ಎಂಜಿನ್ ವೇಗ ಜಾಸ್ತಿ, ಒತ್ತಡ ಜಾಸ್ತಿ. ಉದ್ದದ ತಿರುವಿನಲ್ಲಿ ಜೋರಾಗಿ ಹೋದರೆ ಎಂಜಿನ್ನಿನ ತಳದ ಬಟ್ಟಲಾದ ಸಂಪಿನಲ್ಲಿರುವ ಆಯಿಲ್ ಒಂದು ಪಕ್ಕಕ್ಕೆ ವಾಲಿ, ಪಂಪಿನ ಬಾಯಿಗೆ ಆಯಿಲ್ ಬದಲು ಗಾಳಿ ಹೋಗಬಹುದು. ಎರಡು ಮೂರು ಸೆಕೆಂಡ್ ಸಾಕು. ಬೇರಿಂಗಿನ ಮೇಲ್ಪದರ ಉಜ್ಜಿ ಹೋಗುತ್ತದೆ. ಆದರೆ ಎಂಜಿನ್ ಅವತ್ತೇ ನಿಲ್ಲುವುದಿಲ್ಲ. ಸಂದು ಸ್ವಲ್ಪ ಅಗಲವಾಗುತ್ತದೆ, ಆಯಿಲ್ ಒತ್ತಡ ಅಲ್ಲಿ ಸ್ವಲ್ಪ ಸೋರುತ್ತದೆ, ಪದರ ಇನ್ನೂ ತೆಳುವಾಗುತ್ತದೆ, ಸವೆತ ಇನ್ನೂ ಹೆಚ್ಚುತ್ತದೆ. ಹೀಗೆ ಸಾವಿರಾರು ಕಿಲೋಮೀಟರ್ ಕಳೆದ ಮೇಲೆ ಒಂದು ದಿನ ಟಕ್ ಟಕ್ ಕೇಳುತ್ತದೆ. ಅಷ್ಟರೊಳಗೆ ಕಾರು ಕೈ ಬದಲಾಗಿರಬಹುದು.

ಕೆಟ್ಟ ದಿನ ಒಂದು, ಗೊತ್ತಾದ ದಿನ ಇನ್ನೊಂದು. ಜಗಳದ ಬೇರು ಇಲ್ಲೇ ಇದೆ.

ಈ ನಡುವಿನ ಕಾಲದಲ್ಲೂ ಎಂಜಿನ್ ಗುರುತು ಬಿಡುತ್ತಾ ಹೋಗುತ್ತದೆ. ಆಯಿಲ್ ಫಿಲ್ಟರನ್ನು ಕತ್ತರಿಸಿ, ಒಳಗಿನ ಮಡಿಕೆಗಳನ್ನು ಬಿಡಿಸಿ ಬೆಳಕಿಗೆ ಹಿಡಿದರೆ ತಾಮ್ರದ ಬಣ್ಣದ ಚೂರುಗಳು ಮಿನುಗುತ್ತವೆ. ಲ್ಯಾಬಿನಲ್ಲಿ ಆಯಿಲ್ ಪರೀಕ್ಷೆ ಮಾಡಿಸಿದರೆ ಸೀಸ, ತಾಮ್ರ, ಕಬ್ಬಿಣ ಎಷ್ಟೆಷ್ಟಿದೆ ಎಂದು ಅಂಕಿಯಲ್ಲೇ ಸಿಗುತ್ತದೆ. ಕೊಂಡ ವಾರವೇ ತೆಗೆದ ಮಾದರಿಯಲ್ಲಿ ಲೋಹ ಜಾಸ್ತಿ ಇದ್ದರೆ, ಎರಡು ತಿಂಗಳ ನಂತರ ಸೀಜ್ ಆದ ಎಂಜಿನ್ನಿನ ಕಥೆಯೇ ಬೇರೆಯಾಗುತ್ತದೆ. ಆದರೆ ಕಾರು ಕೊಂಡ ಖುಷಿಯಲ್ಲಿ ಆಯಿಲ್ ಪರೀಕ್ಷೆ ಯಾರಿಗೆ ನೆನಪಾಗುತ್ತದೆ?

ಗೇರು ತಪ್ಪಿದ ಕ್ಷಣಕ್ಕೂ ಲೆಕ್ಕವಿದೆ

ಮ್ಯಾನುವಲ್ ಗೇರಿನ ಸ್ಪೋರ್ಟ್ಸ್ ಕಾರಿಗೆ ಇನ್ನೊಂದು ಅಪಾಯ ತಪ್ಪು ಗೇರು. ಎಂಜಿನ್ನಿಗೆ ನಿಮಿಷಕ್ಕೆ 7500 ಸುತ್ತು, ಅಂದರೆ 7500 ಆರ್‌ಪಿಎಂ ಮಿತಿ ಇದೆ ಎಂದುಕೊಳ್ಳಿ. ಆಕ್ಸಿಲರೇಟರ್ ಎಷ್ಟೇ ಒತ್ತಿದರೂ ಆ ಮಿತಿ ಬಂದಾಗ ಕಂಪ್ಯೂಟರ್ ಇಂಧನ ನಿಲ್ಲಿಸುತ್ತದೆ. ಆದರೆ ನಾಲ್ಕನೇ ಗೇರಿನಲ್ಲಿ 7000 ಆರ್‌ಪಿಎಂನಲ್ಲಿ ಹೋಗುತ್ತಾ, ಐದಕ್ಕೆ ಹಾಕುವ ಬದಲು ಕೈತಪ್ಪಿ ಮೂರಕ್ಕೆ ಹಾಕಿ ಕ್ಲಚ್ ಬಿಟ್ಟರೆ? ಮೂರನೇ ಗೇರಿನ ಅನುಪಾತ 1.5, ನಾಲ್ಕನೆಯದು 1.2 ಇದ್ದರೆ ಎಂಜಿನ್ 8750ಕ್ಕೆ ಜಿಗಿಯುತ್ತದೆ. ಇಲ್ಲಿ ಎಂಜಿನ್ನನ್ನು ತಿರುಗಿಸುತ್ತಿರುವುದು ಇಂಧನವಲ್ಲ, ಚಕ್ರಗಳು. ಕಂಪ್ಯೂಟರಿಗೆ ತಡೆಯಲು ದಾರಿಯಿಲ್ಲ. ವಾಲ್ವ್ ಸ್ಪ್ರಿಂಗುಗಳು ಅಷ್ಟು ವೇಗಕ್ಕೆ ಹಿಂದೆ ಬರಲಾರವು. ವಾಲ್ವ್ ಬಾಗಬಹುದು, ರಾಡ್ ಬೋಲ್ಟ್ ಎಳೆದುಕೊಳ್ಳಬಹುದು, ಬೇರಿಂಗಿಗೆ ಪೆಟ್ಟು ಬೀಳಬಹುದು.

ತಡೆಯಲಾಗದಿದ್ದರೂ ಕಂಪ್ಯೂಟರ್ ಬರೆದಿಟ್ಟುಕೊಳ್ಳುತ್ತದೆ. ಪೋರ್ಷೆ 911ರ ಹಲವು ಮಾದರಿಗಳಲ್ಲಿ ಮಿತಿ ಮೀರಿದ ವೇಗವನ್ನು ಹಂತ ಹಂತವಾಗಿ ವಿಂಗಡಿಸಿ ದಾಖಲಿಸುವ ವ್ಯವಸ್ಥೆ ಪ್ರಸಿದ್ಧ. ಯಾವ ಹಂತದಲ್ಲಿ ಎಷ್ಟು ಸಲ ಇಗ್ನಿಷನ್ (ಸಿಲಿಂಡರಿನಲ್ಲಿ ಇಂಧನಕ್ಕೆ ಕಿಡಿ ಹೊತ್ತಿಸುವುದು) ಆಯಿತು, ಕೊನೆಯ ಸಲ ಆದದ್ದು ಎಂಜಿನ್ ಓಡಿದ ಎಷ್ಟನೇ ಗಂಟೆಯಲ್ಲಿ ಎಂದು ಅದು ಹೇಳುತ್ತದೆ. ಆರು ಸಿಲಿಂಡರ್ ಎಂಜಿನ್ನಿನಲ್ಲಿ ಒಂದು ಸುತ್ತಿಗೆ ಮೂರು ಇಗ್ನಿಷನ್. 8000 ಆರ್‌ಪಿಎಂ ಅಂದರೆ ಸೆಕೆಂಡಿಗೆ 400. ಹಾಗಾಗಿ ಆ ಹಂತದಲ್ಲಿ '200' ಎಂದು ಕಂಡರೆ ಗಾಬರಿಪಡುವಷ್ಟು ದೊಡ್ಡದಲ್ಲ, ಬರೀ ಅರ್ಧ ಸೆಕೆಂಡ್. ಅತಿ ಮೇಲಿನ ಹಂತದಲ್ಲಿ ಅದೇ ಅರ್ಧ ಸೆಕೆಂಡ್ ಎಂಜಿನ್ನಿಗೆ ಮುಳುವಾಗಬಹುದು.

ಜಗಳ ಬಿಡಿಸುವುದು ಗಂಟೆಯ ಲೆಕ್ಕ. ಕಾರು ಮಾರಾಟವಾದಾಗ ಎಂಜಿನ್ 1390 ಗಂಟೆ ಓಡಿತ್ತು, ಈಗ 1420 ತೋರಿಸುತ್ತಿದೆ, ವೇಗ ಮಿತಿ ಮೀರಿದ್ದು 1050ನೇ ಗಂಟೆಯಲ್ಲಿ ಎಂದುಕೊಳ್ಳಿ. ಆಗ ಕೈತಪ್ಪಿ ಗೇರು ಹಾಕಿದವರು ಹಿಂದಿನ ಮಾಲೀಕರು. 1415ನೇ ಗಂಟೆ ಎಂದಿದ್ದರೆ? ಕೊಂಡವರು ತಲೆ ತಗ್ಗಿಸಬೇಕಾಗುತ್ತದೆ. ಇದೇ ಅಂಕಿಯಿಂದ ಓಡೋಮೀಟರ್ ತಿರುಚಿದ್ದನ್ನೂ ಹಿಡಿಯಬಹುದು. 68,000 ಕಿಲೋಮೀಟರನ್ನು 1400 ಗಂಟೆಯಿಂದ ಭಾಗಿಸಿದರೆ ಸರಾಸರಿ ವೇಗ ಗಂಟೆಗೆ ಸುಮಾರು 49 ಕಿಲೋಮೀಟರ್, ನಂಬುವ ಹಾಗಿದೆ. ಸರಾಸರಿ 15ಕ್ಕೆ ಇಳಿದರೆ ಮೀಟರ್ ಹಿಂದಕ್ಕೆ ಓಡಿದೆಯೇ ಎಂದು ಅನುಮಾನ ಪಡಲು ಕಾರಣವಿದೆ.

ಸವೆತ ಎಲ್ಲಿ ಮುಗಿಯುತ್ತದೆ, ದೋಷ ಎಲ್ಲಿ ಶುರುವಾಗುತ್ತದೆ?

ವಾರಂಟಿ ಕೊಟ್ಟವರ ವಾದ ಪೂರ್ತಿ ತಳ್ಳಿಹಾಕುವಂಥದ್ದಲ್ಲ. ಹಳೇ ಕಾರಿನ ಭಾಗಗಳು ಸವೆಯುತ್ತವೆ, ಕಡಿಮೆ ಬೆಲೆಗೆ ಸಿಕ್ಕಿದ್ದೇ ಅದಕ್ಕಾಗಿ. ಪ್ರತಿ ಸವೆತಕ್ಕೂ ದುಡ್ಡು ಕೊಟ್ಟರೆ ವಾರಂಟಿ ವ್ಯವಹಾರವೇ ನಿಲ್ಲುತ್ತದೆ. ಕೊಂಡವರ ವಾದಕ್ಕೂ ಅಷ್ಟೇ ತೂಕವಿದೆ. ಟೈರು, ಬ್ರೇಕ್ ಪ್ಯಾಡು, ಕ್ಲಚ್ ಸವೆಯುವುದು ಎಲ್ಲರಿಗೂ ಗೊತ್ತು. 60,000 ಕಿಲೋಮೀಟರಿಗೆ ಎಂಜಿನ್ನೇ ಸವೆದು ಹೋದರೆ ಅದನ್ನು ಸವೆತ ಅನ್ನುವುದು ಹೇಗೆ?

ಕೆಲವು ಎಂಜಿನ್ನುಗಳಲ್ಲಿ ಈ ಪ್ರಶ್ನೆ ಜಗಜ್ಜಾಹೀರಾಗಿದೆ. 1990ರ ದಶಕದ ಕೊನೆಗೆ ಪೋರ್ಷೆ ಬಾಕ್ಸ್‌ಸ್ಟರ್ ಮತ್ತು 911ರಲ್ಲಿ ಬಂದ ಎಂ96 ಎಂಜಿನ್ನಿನ ಇಂಟರ್‌ಮೀಡಿಯೆಟ್ ಶಾಫ್ಟ್ ಬೇರಿಂಗ್ (ಕ್ರ್ಯಾಂಕ್‌ಶಾಫ್ಟಿನ ತಿರುಗುವಿಕೆಯನ್ನು ವಾಲ್ವ್ ತೆರೆಯುವ ಶಾಫ್ಟುಗಳಿಗೆ ದಾಟಿಸುವ ಶಾಫ್ಟಿನದು) ಅದಕ್ಕೆ ದೊಡ್ಡ ಉದಾಹರಣೆ. ಆ ಒಂದು ಚಿಕ್ಕ ಬೇರಿಂಗ್ ಹೋದರೆ ಇಡೀ ಎಂಜಿನ್ ಹೋಗುತ್ತದೆ. ಅಮೆರಿಕದಲ್ಲಿ ಇದು ಸಾಮೂಹಿಕ ಮೊಕದ್ದಮೆಯಾಗಿ, 2013ರಲ್ಲಿ ರಾಜಿಯಲ್ಲಿ ಮುಗಿಯಿತು. ಬಿಎಂಡಬ್ಲ್ಯು ಎಂ3ಯದ್ದು ಇನ್ನೂ ಕುತೂಹಲದ ಕಥೆ. ಇ46 ಪೀಳಿಗೆಯ ಎಂ3ಯ ಎಸ್54 ಎಂಜಿನ್ನಿನಲ್ಲಿ ರಾಡ್ ಬೇರಿಂಗ್ ತೊಂದರೆ ಬಂದಾಗ ಕಂಪನಿಯೇ ಮುಂದೆ ಬಂದು ಆರಂಭದ ವರ್ಷಗಳ ಕಾರುಗಳಿಗೆ ಹೊಸ ಬೇರಿಂಗ್ ಹಾಕಿಸಿತು. ಅದರ ನಂತರದ ಎಂ3ಯ ಎಸ್65 ವಿ8 ಎಂಜಿನ್ನಿಗೂ ಅಂಥದೇ ಹೆಸರು ಬಂತು, ಆದರೆ ಅಂಥ ರೀಕಾಲ್ ಬರಲಿಲ್ಲ. ಬೇರಿಂಗನ್ನು ಮುಂಚಿತವಾಗಿ, ತಮ್ಮದೇ ಖರ್ಚಿನಲ್ಲಿ ಬದಲಾಯಿಸಿಕೊಳ್ಳುವುದು ಮಾಲೀಕರಿಗೆ ರೂಢಿಯಾಯಿತು. ಮಜ್ದಾ ಆರ್‌ಎಕ್ಸ್-8ರ ರೋಟರಿ ಎಂಜಿನ್ನಿಗೆ ಅಮೆರಿಕದಲ್ಲಿ ಕಂಪನಿ ವಾರಂಟಿಯನ್ನೇ 8 ವರ್ಷ ಅಥವಾ 1,00,000 ಮೈಲಿಗೆ ಹಿಗ್ಗಿಸಿತು.

ಹೀಗೆ ಹೆಸರು ಕೆಟ್ಟಿರುವ ಎಂಜಿನ್ ಕೊಂಡವರಿಗೆ ಅದರಿಂದ ಲಾಭವೂ ಇದೆ, ನಷ್ಟವೂ ಇದೆ. 'ಇದು ನನ್ನೊಬ್ಬನ ಕಾರಿನ ಕಥೆಯಲ್ಲ, ವಿನ್ಯಾಸದ ದೋಷ' ಎಂದು ತೋರಿಸುವುದು ಸುಲಭ. ಅದೇ ಹೊತ್ತಿಗೆ ಮಾರಿದವರು 'ಈ ಎಂಜಿನ್ನಿನ ಕಥೆ ಊರಿಗೆಲ್ಲ ಗೊತ್ತು, ತಿಳಿದೇ ಕೊಂಡಿರಿ' ಎಂದು ತಿರುಗೇಟು ಕೊಡುತ್ತಾರೆ. ಕೆಲವು ವಾರಂಟಿ ಕರಾರುಗಳಲ್ಲಿ ಆ ಭಾಗವನ್ನೇ ಹೆಸರು ಹಿಡಿದು ಹೊರಗಿಟ್ಟಿರುತ್ತಾರೆ.

ಟ್ಯೂನಿಂಗ್ ಮಾಡಿಸಿದ ಕಾರು

ಹಿಂದಿನ ಮಾಲೀಕರು ಎಂಜಿನ್ ಕಂಪ್ಯೂಟರನ್ನು ರೀಮ್ಯಾಪ್ ಮಾಡಿಸಿ (ಶಕ್ತಿ ಹೆಚ್ಚಿಸಲು ಅದರ ಸಾಫ್ಟ್‌ವೇರ್ ತಿದ್ದಿಸಿ), ಮಾರುವ ಮುಂಚೆ ಮೂಲ ಸಾಫ್ಟ್‌ವೇರನ್ನೇ ವಾಪಸ್ ಹಾಕಿಸಿರುವುದು ಅಪರೂಪವೇನಲ್ಲ. ಹೊಸಬರಿಗೆ ಇದರ ಸುಳಿವೇ ಇರುವುದಿಲ್ಲ. ಅಧಿಕೃತ ವರ್ಕ್‌ಶಾಪಿನಲ್ಲಿ ಮಾತ್ರ ಸಿಕ್ಕಿಬೀಳುತ್ತದೆ. ಫೋಕ್ಸ್‌ವ್ಯಾಗನ್ ಮತ್ತು ಆಡಿ ಕಾರುಗಳ ಡೀಲರ್ ವ್ಯವಸ್ಥೆಯಲ್ಲಿ ಹೀಗೆ ಬದಲಾದ ಕಾರಿಗೆ 'ಟಿಡಿ1' ಎಂಬ ಗುರುತು ಬೀಳುತ್ತದೆ. ಒಮ್ಮೆ ಬಿದ್ದರೆ ಎಂಜಿನ್ ಮತ್ತು ಗೇರ್‌ಬಾಕ್ಸಿನ ಕ್ಲೇಮು ಪಾಸಾಗುವುದು ಕಷ್ಟ. ಗುರುತು ಕಾರಿನ ನಂಬರಿಗೆ ಅಂಟಿರುವುದರಿಂದ ಮಾಲೀಕರು ಬದಲಾದರೂ ಅದು ಅಳಿಯುವುದಿಲ್ಲ.

ಹಾಗೆಂದು ಮಾರ್ಪಾಡು ಕಂಡ ಕೂಡಲೇ ವಾರಂಟಿ ಇಡಿಯಾಗಿ ರದ್ದು ಎಂಬುದು ಎಲ್ಲ ಕಡೆ ನಡೆಯುವುದಿಲ್ಲ. ಅಮೆರಿಕದ 1975ರ ಮ್ಯಾಗ್ನುಸನ್-ಮಾಸ್ ವಾರಂಟಿ ಕಾಯ್ದೆಯ ಪ್ರಕಾರ, ಹೊರಗಿನ ಬಿಡಿಭಾಗ ಹಾಕಿಸಿದ್ದಕ್ಕೇ ವಾರಂಟಿ ಹೋಯಿತು ಎಂದು ತಯಾರಕರು ಹೇಳುವಂತಿಲ್ಲ. ಆ ಭಾಗದಿಂದಲೇ ಎಂಜಿನ್ ಕೆಟ್ಟಿತು ಎಂಬ ಸಂಬಂಧ ತೋರಿಸಬೇಕು. ಸೈಲೆನ್ಸರ್ ಬದಲಾಯಿಸಿದ್ದಕ್ಕೆ ನೀರಿನ ಪಂಪ್ ಕೆಟ್ಟಿತು ಅಂದರೆ ಯಾರೂ ಒಪ್ಪುವುದಿಲ್ಲ. ಟರ್ಬೊ ಒತ್ತಡ ಹೆಚ್ಚಿಸಿದ್ದಕ್ಕೆ ಪಿಸ್ಟನ್ ಸೀಳಿತು ಅಂದರೆ ಒಪ್ಪಬಹುದು.

ಕಂಪನಿಯೇ ಕೊಟ್ಟ ಬಟನ್ ಒತ್ತಿದ್ದಕ್ಕೂ ಜಗಳವಾದದ್ದುಂಟು. ನಿಸ್ಸಾನ್ ಜಿಟಿ-ಆರ್ ಆರ್35ರ ಆರಂಭದ ಕಾರುಗಳಲ್ಲಿ ನಿಂತಲ್ಲಿಂದ ಚಿಮ್ಮುವ ಲಾಂಚ್ ಕಂಟ್ರೋಲ್ ಬಳಸಬೇಕಾದರೆ ಸ್ಥಿರತೆ ಕಾಯುವ ವ್ಯವಸ್ಥೆಯನ್ನು ಆಫ್ ಮಾಡಬೇಕಿತ್ತು. ಹಾಗೆ ಮಾಡಿ ಗೇರ್‌ಬಾಕ್ಸ್ ಮುರಿದುಕೊಂಡವರಿಗೆ 'ಅದನ್ನು ಆಫ್ ಮಾಡಿದಾಗ ಆದ ಹಾನಿಗೆ ವಾರಂಟಿ ಇಲ್ಲ' ಎಂಬ ಉತ್ತರ ಸಿಕ್ಕಿತು. ಮುಂದೆ ಕಂಪನಿ ಸಾಫ್ಟ್‌ವೇರನ್ನೇ ಬದಲಾಯಿಸಿತು. 'ರೇಸ್ ಕಾರಿನ ರಕ್ತ' ಎಂದು ಜಾಹೀರಾತು ಕೊಡುವುದು, ರೇಸಿನಂತೆ ಓಡಿಸಿದರೆ ಹೊಣೆ ನಮ್ಮದಲ್ಲ ಅನ್ನುವುದು. ಈ ಇಬ್ಬಂದಿತನ ಸ್ಪೋರ್ಟ್ಸ್ ಕಾರಿನ ವ್ಯಾಪಾರದಲ್ಲಿ ಹುಟ್ಟಿನಿಂದಲೇ ಇದೆ.

ಸಾಬೀತು ಮಾಡಬೇಕಾದವರು ಯಾರು?

ಎಷ್ಟೋ ಪ್ರಕರಣಗಳಲ್ಲಿ ಗಂಟೆಯ ಲೆಕ್ಕವೂ ಇಲ್ಲ, ಆಯಿಲ್ ವರದಿಯೂ ಇಲ್ಲ. ಅಂಥ ಹೊತ್ತಲ್ಲಿ ಗೆಲ್ಲುವುದು ಸತ್ಯ ಯಾರ ಕಡೆ ಇದೆ ಅನ್ನುವುದಕ್ಕಿಂತ ಜಾಸ್ತಿ, ಸಾಬೀತು ಮಾಡುವ ಭಾರ ಯಾರ ಮೇಲಿಲ್ಲ ಅನ್ನುವುದರಿಂದ. ಇದು ದೇಶದಿಂದ ದೇಶಕ್ಕೆ ಬೇರೆ.

ಬ್ರಿಟನ್ನಿನ 2015ರ ಗ್ರಾಹಕ ಹಕ್ಕುಗಳ ಕಾಯ್ದೆ ಡೀಲರ್ ಮಾರಿದ ಹಳೇ ಕಾರಿಗೂ ಅನ್ವಯ. ಮೊದಲ 30 ದಿನದೊಳಗೆ ದೋಷ ತೋರಿಸಿದರೆ ಕಾರು ವಾಪಸ್ ಕೊಟ್ಟು ದುಡ್ಡು ಕೇಳಬಹುದು. ಆಮೇಲೆ, ಕಾರು ಕೈಗೆ ಬಂದ ದಿನದಿಂದ ಆರು ತಿಂಗಳವರೆಗೆ ಕಾಣಿಸಿಕೊಂಡ ದೋಷ ಮಾರುವಾಗಲೇ ಇತ್ತು ಎಂದು ಕಾನೂನು ಊಹಿಸುತ್ತದೆ. ಇಲ್ಲವೆಂದು ತೋರಿಸುವ ಹೊಣೆ ಡೀಲರಿನದು. ಆರು ತಿಂಗಳು ದಾಟಿದರೆ ಭಾರ ಕೊಂಡವರ ಹೆಗಲಿಗೆ ಬರುತ್ತದೆ. ಐರೋಪ್ಯ ಒಕ್ಕೂಟದಲ್ಲಿ 2022ರ ಜನವರಿಯಿಂದ ಜಾರಿಗೆ ಬಂದ ನಿಯಮದಲ್ಲಿ ಈ ಊಹೆಯ ಅವಧಿ ಒಂದು ವರ್ಷ. ಆದರೆ ಈ ಊಹೆ ಉತ್ತರಿಸುವುದು 'ಯಾವಾಗ' ಎಂಬ ಪ್ರಶ್ನೆಗೆ ಮಾತ್ರ. ಆಗಿರುವುದು ದೋಷವೇ, ಕಾರಿನ ವಯಸ್ಸು ಮತ್ತು ಬೆಲೆಗೆ ತಕ್ಕ ಸವೆತವಲ್ಲ ಎಂದು ಕೊಂಡವರೇ ತೋರಿಸಬೇಕು. ಸುದ್ದಿಗಳಲ್ಲಿ ಬಿಟ್ಟುಹೋಗುವುದು ಸಾಮಾನ್ಯವಾಗಿ ಈ ಅರ್ಧ.

ಅಮೆರಿಕದ ಬಹುತೇಕ ರಾಜ್ಯಗಳಲ್ಲಿ ಡೀಲರುಗಳು ಹಳೇ ಕಾರಿನಲ್ಲಿ ಎದ್ದು ಕಾಣುವ ಹಾಗೆ ಬೈಯರ್ಸ್ ಗೈಡ್ ಎಂಬ ಹಾಳೆ ಇಡಲೇಬೇಕು. ಅದರಲ್ಲಿ 'ಇದ್ದ ಹಾಗೆ' ಎಂಬ ಚೌಕಕ್ಕೆ ಗುರುತು ಹಾಕಿದ್ದರೆ, ಅದಕ್ಕೆ ಅವಕಾಶವಿರುವ ರಾಜ್ಯಗಳಲ್ಲಿ ಆಮೇಲಿನ ರಿಪೇರಿ ಕೊಂಡವರದೇ. ಭಾರತದಲ್ಲಿ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ಎರಡು ವರ್ಷದೊಳಗೆ ದೂರು ಕೊಡಬಹುದು. ಪರೀಕ್ಷೆಯಿಲ್ಲದೆ ದೋಷ ಗೊತ್ತಾಗದಿದ್ದರೆ ಆಯೋಗವೇ ಲ್ಯಾಬಿಗೆ ಕಳಿಸಬಹುದು. ಆದರೆ ತಯಾರಿಕೆಯಲ್ಲೇ ದೋಷವಿತ್ತು ಅನ್ನುವವರು ತಜ್ಞರ ವರದಿಯಿಲ್ಲದೆ ಹೋದರೆ ವಾದ ನಿಲ್ಲುವುದು ಕಷ್ಟ.

ಡೀಲರ್ ಅಲ್ಲದೆ ಒಬ್ಬ ಸಾಮಾನ್ಯ ವ್ಯಕ್ತಿಯಿಂದ ಕೊಂಡಿದ್ದರೆ ಈ ರಕ್ಷಣೆಗಳಲ್ಲಿ ಹೆಚ್ಚಿನವು ಸಿಗುವುದಿಲ್ಲ. ಸಾಮಾನ್ಯವಾಗಿ ಸುಳ್ಳು ಹೇಳಿ ಮಾರಿದರು ಎಂದು ತೋರಿಸಬೇಕಾಗುತ್ತದೆ.

ಸ್ಪ್ಯಾನರ್ ಹಾಕುವ ಮುಂಚೆ

ಒಳ್ಳೆಯ ಕೇಸು ಕೆಡುವುದು ಹೆಚ್ಚಾಗಿ ಗ್ಯಾರೇಜಿನಲ್ಲಿ. ಸದ್ದು ಕೇಳಿದ ಮೇಲೂ ಮನೆವರೆಗೆ ಓಡಿಸಿದರೆ ಹಾನಿ ಹೆಚ್ಚಿಸಿದ್ದು ನೀವೇ ಎಂಬ ಮಾತು ಬರುತ್ತದೆ, ಅದಕ್ಕೆ ಉತ್ತರವಿರುವುದಿಲ್ಲ. ಟೋ ಮಾಡಿಸಿದ ಬಿಲ್ಲೇ ಇಲ್ಲಿ ಒಂದು ಸಾಕ್ಷಿ.

ಆಮೇಲಿನ ಇಕ್ಕಟ್ಟು ಎಂಜಿನ್ ಬಿಚ್ಚುವುದರಲ್ಲಿದೆ. ಬಿಚ್ಚದೆ ಕಾರಣ ಗೊತ್ತಾಗುವುದಿಲ್ಲ. ಕಾರಣ ಗೊತ್ತಾಗದೆ ವಾರಂಟಿ ಕಂಪನಿ ಒಪ್ಪುವುದಿಲ್ಲ. ಬಿಚ್ಚಲು ಕಾರಿನ ಮಾಲೀಕರೇ ಒಪ್ಪಿಗೆ ಕೊಡಬೇಕು, ಕ್ಲೇಮು ತಿರಸ್ಕೃತವಾದರೆ ಆ ಖರ್ಚೂ ಅವರದೇ. ಮೆಕ್ಯಾನಿಕ್ಕಿನ ಮೇಲೆ ನಂಬಿಕೆಯಿಂದ 'ಬಿಚ್ಚಿ ನೋಡಿ' ಅಂದುಬಿಟ್ಟರೆ ಇನ್ನೊಂದು ಕಡೆಯವರು 'ನಾವು ನೋಡುವ ಮುಂಚೆಯೇ ಬಿಚ್ಚಿದ್ದೀರಿ' ಅನ್ನುತ್ತಾರೆ. ಅದು ನೆಪವೂ ಹೌದು, ನಿಜವೂ ಹೌದು. ಬಿಚ್ಚಿದ ಬೇರಿಂಗ್ ಯಾವ ಸಿಲಿಂಡರಿನದು, ಯಾವ ಕಡೆ ಸವೆದಿತ್ತು ಎಂಬುದು ಒಂದು ಸಲ ಟ್ರೇನಲ್ಲಿ ಕಲಸಿಹೋದರೆ ತಜ್ಞರೂ ಏನೂ ಹೇಳಲಾರರು.

ಹಾಗಾಗಿ ಕೆಲಸದ ಕ್ರಮ ಹೀಗಿರಬೇಕು: ಮೊದಲು ಎಲ್ಲರಿಗೂ ಲಿಖಿತವಾಗಿ ತಿಳಿಸುವುದು, ಕಂಪ್ಯೂಟರಿನ ದಾಖಲೆ ತೆಗೆಸಿಡುವುದು, ಆಯಿಲ್ ಮತ್ತು ಫಿಲ್ಟರನ್ನು ಚೆಲ್ಲದೆ ಎತ್ತಿಡುವುದು. ಬಿಚ್ಚುವ ದಿನ ಸಾಧ್ಯವಾದರೆ ಎರಡೂ ಕಡೆಯವರು ಒಪ್ಪಿದ ಒಬ್ಬ ತಜ್ಞರು ಎದುರಿಗಿರಬೇಕು. ಪ್ರತಿ ಹಂತಕ್ಕೆ ಫೋಟೊ ಬೇಕು. ಹಳೇ ಭಾಗಗಳು ಗುಜರಿಗೆ ಹೋಗದಂತೆ ಗ್ಯಾರೇಜಿನವರಿಂದ ಬರೆಸಿಕೊಳ್ಳಬೇಕು. ತಿರಸ್ಕಾರವೂ ಫೋನಿನಲ್ಲಿ ಬಂದರೆ ಸಾಲದು. ಯಾವ ಷರತ್ತಿನಡಿ, ಯಾವ ಕಾರಣಕ್ಕೆ ಎಂದು ಕಾಗದದಲ್ಲಿ ಕೇಳಬೇಕು. ಮಾರಿದವರ ಮೇಲೆ ಬಳಸಬಹುದಾದ ಆ 'ಮೊದಲೇ ಇತ್ತು' ಎಂಬ ಸಾಲು ಸಿಗುವುದು ಅಲ್ಲೇ.

ಮುಂದೆ ಏನಾಗಬಹುದು?

ಕಾರುಗಳು ಬರೆದಿಟ್ಟುಕೊಳ್ಳುವ ಮಾಹಿತಿ ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿದೆ. ಕೆಲವು ಕಾರುಗಳು ಅದನ್ನು ನೇರವಾಗಿ ಕಂಪನಿಗೇ ಕಳಿಸುತ್ತವೆ. ಇದರಿಂದ ಜಗಳ ಕಡಿಮೆಯಾಗಬೇಕಿತ್ತು, ಅಲ್ವಾ? ಆದರೆ ದಾಖಲೆ ಓದುವ ಉಪಕರಣ ಮತ್ತು ಅಧಿಕಾರ ಹೆಚ್ಚಾಗಿ ತಯಾರಕರ ಬಳಿಯೇ ಇದೆ. ಕ್ಲೇಮು ತಿರಸ್ಕರಿಸಲು ಬೇಕಾದ ಸಾಲು ಅವರಿಗೆ ಬೇಗ ಸಿಗುತ್ತದೆ. ಕೊಂಡವರಿಗೆ ಬೇಕಾದ ಸಾಲು ಕೇಳಿ ಪಡೆಯಬೇಕು, ಅದು ಇದೆಯೆಂದೇ ಎಷ್ಟೋ ಜನಕ್ಕೆ ಗೊತ್ತಿಲ್ಲ.

ಮಾರುಕಟ್ಟೆ ಮಾತ್ರ ಸದ್ದಿಲ್ಲದೆ ಹೊಂದಿಕೊಳ್ಳುತ್ತಿದೆ. ಪೋರ್ಷೆಯಂಥ ಕಾರುಗಳ ಮಾರಾಟದಲ್ಲಿ ವೇಗ ಮೀರಿದ ದಾಖಲೆಯ ಪ್ರಿಂಟನ್ನು ಮೊದಲೇ ಕೇಳುವುದು ಈಗ ಮಾಮೂಲಿ. ಎಂ3 ಮಾರುವವರು ಬೇರಿಂಗ್ ಬದಲಾಯಿಸಿದ ಬಿಲ್ಲನ್ನು, ತೆಗೆದ ಹಳೇ ಚಿಪ್ಪುಗಳ ಫೋಟೊ ಸಮೇತ, ಜಾಹೀರಾತಿನಲ್ಲೇ ತೋರಿಸುತ್ತಾರೆ. ಅಂಥ ಫೋಟೊದಲ್ಲಿ ಬೂದು ಮೇಲ್ಪದರ ಹೋಗಿ ತಾಮ್ರ ಕಾಣುತ್ತಿದ್ದರೆ, ಹುಷಾರಾದ ಗಿರಾಕಿ ಕೇಳುವ ಮುಂದಿನ ಪ್ರಶ್ನೆ ಬೆಲೆಯದ್ದಲ್ಲ. ಕ್ರ್ಯಾಂಕ್‌ಶಾಫ್ಟಿನ ಫೋಟೊ ಇದೆಯಾ ಅನ್ನುವುದು, ಶಾಫ್ಟಿಗೂ ಪೆಟ್ಟಾಗಿದೆಯೇ ಎಂದು ನೋಡಲು.